ಗಾಯವಾದ ಜಾಗದಲ್ಲೇ ಮದ್ದು



ಆಸ್ಟ್ರೇಲಿಯಾದ ಮೂಲನಿವಾಸಿಗಳೆಂದರೆ ಕುಡುಕರು ಎಂಬ ಮಾತು ಅಲ್ಲಿ ಹಳೆಯದು. ಆದರೆ ಹಲವು ಸಮೀಕ್ಷೆಗಳ ಪ್ರಕಾರ ಮದ್ಯವನ್ನೇ ಮುಟ್ಟದವರ ಪ್ರಮಾಣ ಅವರಲ್ಲೇ ಹೆಚ್ಚು. ಕುಡಿಯುವವರಲ್ಲಿ ಮಾತ್ರ ಮಿತಿಮೀರಿ ಕುಡಿಯುವವರು ಜಾಸ್ತಿ. ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಕಿಂಚೆಲಾ ಎಂಬ ಊರು ಸಿಗುತ್ತದೆ.

ನ್ಯೂ ಸೌತ್ ವೇಲ್ಸ್ ರಾಜ್ಯದ ಕೆಂಪ್ಸಿ ಪಟ್ಟಣದ ಹತ್ತಿರದ ಈ ಊರಿನಲ್ಲಿ 1924ರಿಂದ 1970ರವರೆಗೆ ಬಾಲಕರ ಸರ್ಕಾರಿ ವಸತಿಗೃಹವಿತ್ತು. ಮೂಲನಿವಾಸಿ ತಾಯಂದಿರ ಮಡಿಲಿನಿಂದ ಕಿತ್ತು ತಂದ ಹುಡುಗರನ್ನು ಅಲ್ಲಿಡುತ್ತಿದ್ದರು. ಹೆಸರಿನ ಬದಲು ನಂಬರು ಹಿಡಿದು ಕರೆಯುತ್ತಿದ್ದರು. ತಾಯಿನುಡಿ, ಬಂಧುಬಳಗ, ಹಾಡು-ಕುಣಿತ ಎಲ್ಲವೂ ದೂರವಾದವು. ದೊಡ್ಡವರಾದ ಮೇಲೆ ಅನೇಕರು ಆ ನೋವು ಮರೆಯಲು ಬಾಟಲಿ ಹಿಡಿದರು. ಹೀಗೆ ಕುಟುಂಬಗಳಿಂದ ಅಗಲಿಸಿದ ಮಕ್ಕಳ ಕ್ಷಮೆಯನ್ನು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕೇಳಿದ್ದು 2008ರ ಫೆಬ್ರವರಿ 13ರಂದು.

ಅಷ್ಟರವರೆಗೆ ಸಮುದಾಯ ಕೈಕಟ್ಟಿ ಕೂತಿರಲಿಲ್ಲ. 1974ರಲ್ಲಿ ವ್ಯಾಲ್ ಬ್ರಯಂಟ್ ಎಂಬ ಮೂಲನಿವಾಸಿ ಮಹಿಳೆ ಸಿಡ್ನಿಯಲ್ಲಿ 'ಬೆನೆಲಾಂಗ್ಸ್ ಹೇವನ್' ಎಂಬ ವ್ಯಸನಮುಕ್ತಿ ಕೇಂದ್ರ ತೆರೆದರು. ಕೆಲವೇ ವರ್ಷಗಳಲ್ಲಿ ಅದು ಕಿಂಚೆಲಾದ ಅದೇ ವಸತಿಗೃಹಕ್ಕೆ ಬಂತು. ಮಕ್ಕಳನ್ನು ಮುರಿದ ಗೋಡೆಗಳ ನಡುವೆ ದೊಡ್ಡವರು ಚೇತರಿಸಿಕೊಳ್ಳತೊಡಗಿದರು. ಆ ಕೇಂದ್ರ ಈಗಿಲ್ಲ; ದಾರಿ ಉಳಿದಿದೆ.

ಸಿಡ್ನಿಯ ಉತ್ತರಕ್ಕೆ ಸೆಂಟ್ರಲ್ ಕೋಸ್ಟ್‌ನಲ್ಲಿರುವ 'ದ ಗ್ಲೆನ್' 1994ರಲ್ಲಿ ಶುರುವಾಯಿತು. ನಡೆಸುವವರು ಮೂಲನಿವಾಸಿಗಳೇ. ಗಂಡಸರು ಅಲ್ಲಿ 12 ವಾರ ತಂಗುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ, ಆಪ್ತಸಲಹೆ, ದಿನದ ಕೆಲಸಗಳ ಜೊತೆಗೆ ಡಿಜರಿಡೂ ವಾದನ, ಸಾಂಪ್ರದಾಯಿಕ ಕುಣಿತವೂ ಉಂಟು. ಸುತ್ತ ಕುಳಿತು ಮನಸ್ಸು ಬಿಚ್ಚಿ ಮಾತಾಡುವುದಕ್ಕೆ 'ಯಾರ್ನಿಂಗ್' ಎನ್ನುತ್ತಾರೆ. ಹಿರಿಯರನ್ನು ಎಲ್ಲರೂ 'ಅಂಕಲ್', 'ಆಂಟಿ' ಎಂದೇ ಕರೆಯುವುದು. ನಮ್ಮಲ್ಲಿನ ದೊಡ್ಡಪ್ಪ, ಚಿಕ್ಕಮ್ಮನ ಹಾಗೆ. ತಾವೇ ಕುಡಿತ ಬಿಟ್ಟು ಗೆದ್ದವರು ಹೊಸಬರಿಗೆ ಆಸರೆಯಾಗುತ್ತಾರೆ. ಮಹಿಳೆಯರಿಗಾಗಿ ಪ್ರತ್ಯೇಕ ಕೇಂದ್ರ 2022ರಲ್ಲಿ ತೆರೆಯಿತು.

ಬಂಧುಬಳಗ, ಹೆಸರು, ಹಾಡು: ಕಿಂಚೆಲಾದಲ್ಲಿ ಕಸಿದುಕೊಂಡದ್ದನ್ನೇ ಇಲ್ಲಿ ಒಂದೊಂದಾಗಿ ಹಿಂದಿರುಗಿಸಲಾಗುತ್ತದೆ. ಮದ್ದು ಇರುವುದು ಅಲ್ಲಿ.

ನಿಜವಾದ ಪರೀಕ್ಷೆ 12 ವಾರ ಮುಗಿದ ಮೇಲೆ. ಊರಿಗೆ ಹೋದರೆ ಅದೇ ಬೀದಿ, ಅದೇ ಗೆಳೆಯರು, ಕೆಲಸವಿಲ್ಲದ ದಿನಗಳು. ಆದ್ದರಿಂದ ಇಂಥ ಕೇಂದ್ರಗಳಿಗೆ ಉದ್ಯೋಗ, ಮನೆ, ಮರಳಿ ಬಂದು ಮಾತಾಡಲೊಂದು ತಾಣ, ಇವೂ ಚಿಕಿತ್ಸೆಯ ಭಾಗವೇ. ಜಾರಿದವನಿಗೂ ಕರೆಯಲೊಬ್ಬ ಅಂಕಲ್ ಇರಬೇಕಲ್ಲ!

ನಿಮ್ಮ ಅನಿಸಿಕೆ ಬರೆದು ತಿಳಿಸಿ.