ರಾಷ್ಟ್ರೀಯ ಡೋನಟ್ ದಿನ

ರಾಷ್ಟ್ರೀಯ ಡೋನಟ್ ದಿನವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿವರ್ಷ ಜೂನ್ ತಿಂಗಳ ಮೊದಲ ಶುಕ್ರವಾರ ಆಚರಿಸುವ ಒಂದು ತಿಂಡಿಯ ಹಬ್ಬ. ಡೋನಟ್ ಎಂಬುದು ಮೈದಾ ಹಿಟ್ಟಿನ ಕಣಕವನ್ನು ಕರಿದು ಮಾಡುವ ಸಿಹಿತಿನಿಸು. ನಡುವೆ ತೂತಿರುವುದರಿಂದ ನೋಟಕ್ಕೆ ಉದ್ದಿನ ವಡೆಯನ್ನು ಹೋಲುತ್ತದೆ. ಹೋಲಿಕೆ ಅಷ್ಟಕ್ಕೇ ಸರಿ.

ಆಚರಣೆ ವಿನೋದದ್ದಾದರೂ ಅದರ ಮೂಲವಿರುವುದು ಯುದ್ಧಭೂಮಿಯಲ್ಲಿ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ, 1917ರಲ್ಲಿ, ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಮಹಿಳೆಯರು ಫ್ರಾನ್ಸಿನಲ್ಲಿದ್ದ ಅಮೆರಿಕದ ಸೈನಿಕರ ನೆರವಿಗೆ ತೆರಳಿದರು. ಮನೆಯ ತಿಂಡಿಗಾಗಿ ಹಂಬಲಿಸುತ್ತಿದ್ದ ಸೈನಿಕರಿಗೆ ಕೇಕು ಬೇಯಿಸಿಕೊಡಲು ಶಿಬಿರದಲ್ಲಿ ಓವನ್ ಇರಲಿಲ್ಲ. ಇದ್ದದ್ದು ಹಿಟ್ಟು, ಸಕ್ಕರೆ, ಕೊಬ್ಬು, ಡಬ್ಬಿಯ ಹಾಲು ಮುಂತಾದವು ಮಾತ್ರ. ಮಾರ್ಗರೆಟ್ ಶೆಲ್ಡನ್ ಮತ್ತು ಹೆಲೆನ್ ಪರ್ವಿಯನ್ಸ್ ಎಂಬವರು ವೈನ್ ಸೀಸೆಯನ್ನೇ ಲಟ್ಟಣಿಗೆಯಾಗಿಸಿಕೊಂಡು, ಚಿಕ್ಕ ಬಾಣಲೆಯೊಂದರಲ್ಲಿ ಸಲಕ್ಕೆ ಏಳರಂತೆ ಡೋನಟ್‌ಗಳನ್ನು ಕರಿದು ಹಂಚಿದರು. ಹೀಗೆ ಸೇವೆ ಸಲ್ಲಿಸಿದ ಮಹಿಳೆಯರು ‘ಡೋನಟ್ ಲ್ಯಾಸಿ’ಗಳೆಂದು, ಅಂದರೆ ಡೋನಟ್ ತರುಣಿಯರೆಂದು, ಹೆಸರಾದರು.

ಅವರ ಗೌರವಾರ್ಥವಾಗಿ ಸಾಲ್ವೇಶನ್ ಆರ್ಮಿಯು 1938ರಲ್ಲಿ ಶಿಕಾಗೊ ನಗರದಲ್ಲಿ ಈ ದಿನವನ್ನು ಆರಂಭಿಸಿತು. ಅದು ಆರ್ಥಿಕ ಮಹಾಕುಸಿತದ ಕಾಲ. ಬಡವರಿಗಾಗಿ ಹಣ ಕೂಡಿಸುವುದೂ ಅದರ ಉದ್ದೇಶವಾಗಿತ್ತು. ವ್ಯಾಪಾರದ ಪ್ರಚಾರಕ್ಕೆಂದೇ ಹುಟ್ಟಿಕೊಂಡ ತಿಂಡಿ ದಿನಗಳಿಗಿಂತ ಇದು ಭಿನ್ನವಾಗುವುದು ಇಲ್ಲಿಯೇ. ಇಂದು ಹಲವು ಅಂಗಡಿಗಳು ಆ ದಿನ ಗಿರಾಕಿಗಳಿಗೆ ಒಂದೊಂದು ಡೋನಟ್ಟನ್ನು ಉಚಿತವಾಗಿ ಕೊಡುತ್ತವೆ.