ಸೈಕಲ್ ಸೀಟಿನ ಮುಖ, ಬಳೆ ಚೂರಿನ ಮೈ

ಚಂಡೀಗಡದ ರಾಕ್ ಗಾರ್ಡನ್‌ಗೆ ಹೋದವರು ಸಾಮಾನ್ಯವಾಗಿ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಲ್ಲಿ ಸಾಲುಸಾಲಾಗಿ ನಿಂತ ಗೊಂಬೆಗಳನ್ನು ಬಗ್ಗಿ ನೋಡಬೇಕು. ಹೆಂಗಸರ ಮೈತುಂಬ ಒಡೆದ ಗಾಜಿನ ಬಳೆಗಳು. ಹಸಿರು, ಕೆಂಪು, ನೀಲಿ ಚೂರುಗಳನ್ನು ಹಸಿ ಸಿಮೆಂಟಿಗೆ ಒತ್ತೊತ್ತಾಗಿ ಕೂರಿಸಿ ಉಡುಗೆ ತೊಡಿಸಿದ್ದಾರೆ. ಪ್ರಾಣಿಗಳ ಸಿಮೆಂಟಿನೊಳಗೆ ಹಳೆಯ ಸೈಕಲ್ ಅಡಗಿದೆ: ಫ್ರೇಮು ಮೈಯಾಗಿದೆ, ಫೋರ್ಕು ಕಾಲಾಗಿದೆ, ಸೀಟು ಮುಖವಾಗಿದೆ. ಇದೊಂದನ್ನು ತಿಳಿದ ಮೇಲೆ ಆ ಮುಖಗಳನ್ನು ಬಿಟ್ಟು ಮುಂದೆ ಹೋಗಲು ಮನಸ್ಸೇ ಬರುವುದಿಲ್ಲ. ಗೋಡೆಗಳಿಗೆ ಒಡೆದ ಪಿಂಗಾಣಿ, ವಿದ್ಯುತ್ ಫ್ಯೂಸು, ಡಾಂಬರು ಡ್ರಮ್ಮು, ಕುಲುಮೆಯ ಕಿಟ್ಟ ಎಲ್ಲವೂ ಒದಗಿವೆ.

ಇದನ್ನು ಕಟ್ಟಿದ ನೇಕ್ ಚಂದ್ ಸೈನಿ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1924ರಲ್ಲಿ ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಹಳ್ಳಿಯಲ್ಲಿ. ದೇಶವಿಭಜನೆಯಾದಾಗ ಈಚೆಗೆ ಬಂದು, ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆದರು. ವಾಸ್ತುಶಿಲ್ಪಿ ಲೆ ಕಾರ್ಬುಸಿಯೆಯ ಯೋಜನೆಯಂತೆ ಚಂಡೀಗಡ ಎಂಬ ಹೊಸ ನಗರ ಎದ್ದೇಳಲು ಹಳ್ಳಿಗಳು ನೆಲಸಮವಾಗುತ್ತಿದ್ದ ಕಾಲ. ತನ್ನ ಊರು ಕಳೆದುಕೊಂಡವರು ಪರರ ಊರಿನ ಅವಶೇಷ ಆಯ್ದರು. ಶಿವಾಲಿಕ್ ತಪ್ಪಲಿನ ಹೊಳೆಗಳಿಂದ ವಿಚಿತ್ರಾಕಾರದ ಕಲ್ಲುಗಳನ್ನು ಸೈಕಲ್ ಮೇಲೆ ಹೇರಿಕೊಂಡು ತಂದರು. ಕಟ್ಟಡಕ್ಕೆ ಅನುಮತಿಯೇ ಇಲ್ಲದ ಸುಖ್ನಾ ಕೆರೆ ಬಳಿಯ ಕಾಡಿನಲ್ಲಿ, 1957ರಿಂದ ವರ್ಷಾನುಗಟ್ಟಲೆ ಗುಟ್ಟಾಗಿ, ರಾತ್ರಿ ಹಳೆಯ ಟೈರು ಸುಟ್ಟ ಬೆಳಕಿನಲ್ಲಿ ಕೆಲಸ ನಡೆಯಿತು.

ಎಪ್ಪತ್ತರ ದಶಕದಲ್ಲಿ ಸುದ್ದಿ ಅಧಿಕಾರಿಗಳ ಕಿವಿಗೆ ಬಿತ್ತು. ಕಾನೂನಿನ ಪ್ರಕಾರ ಕೆಡವಬೇಕಿತ್ತು. ಜನ ಬೆಂಬಲಕ್ಕೆ ನಿಂತರು. 1976ರಲ್ಲಿ ಬಾಗಿಲು ತೆರೆಯಿತು, ನೇಕ್ ಚಂದ್‌ಗೆ ಸಂಬಳದ ಜೊತೆಗೆ 50 ಕೆಲಸಗಾರರೂ ಸಿಕ್ಕರು. ನಗರದಲ್ಲಿ ಹರಕು ಬಟ್ಟೆ, ಒಡಕು ಪಿಂಗಾಣಿ ಸಂಗ್ರಹಿಸುವ ಕೇಂದ್ರಗಳು ಶುರುವಾದವು. 1984ರಲ್ಲಿ ಪದ್ಮಶ್ರೀ ಬಂತು. ಅದಾದ ಮೇಲೂ ಬುಲ್ಡೋಜರ್ ಬಂದದ್ದುಂಟು. ಜನ ಅಡ್ಡ ನಿಂತು ಹಿಮ್ಮೆಟ್ಟಿಸಿದರು. ಈಗ ತೋಟ ಸುಮಾರು 40 ಎಕರೆ.

ನೇಕ್ ಚಂದ್ 2015ರಲ್ಲಿ ತೀರಿಕೊಂಡರು. ಹತ್ತು ವರ್ಷ ಕಳೆದು, 2025ರಲ್ಲಿ, ರಸ್ತೆ ಅಗಲಗೊಳಿಸಲೆಂದು ತೋಟದ ಗೋಡೆಯ ಒಂದು ಭಾಗ ಕೆಡವಿದರು. ನಾಗರಿಕರು ಮತ್ತೆ ಬೀದಿಗಿಳಿದರು, ಆದರೆ ಈ ಸಲ ಗೋಡೆ ಉಳಿಯಲಿಲ್ಲ. ರಸ್ತೆಗೆ ಬೇರೆ ಜಾಗ ಹುಡುಕಬಹುದಿತ್ತು ಎಂಬ ಸಂಕಟ ನನ್ನದು. ಊರಿನಲ್ಲಿ ಒಡೆದದ್ದನ್ನೆಲ್ಲ ಆಯ್ದು ತರುತ್ತಿದ್ದವರು ಇದ್ದಿದ್ದರೆ, ಆ ಚೂರುಗಳಿಂದಲೂ ಏನಾದರೂ ಕಟ್ಟುತ್ತಿದ್ದರೇನೋ.