ಮುಟ್ಟು ನಿಂತ ಮೇಲಿನ ಗಂಟು: ಮುಚ್ಚಿಟ್ಟರೆ ಮೋಸ!

ಕೊಂಡ್ಲಹಳ್ಳಿ: ಇಲ್ಲಿಂದ ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಮೇಲು. ಬಸ್ಸಿನಲ್ಲಿ ಆಸ್ಪತ್ರೆ ಫೈಲು ಹಿಡಿದು ಕೂತ ಹೆಂಗಸು ‘ಕಿದ್ವಾಯಿಗೆ’ ಅಂದರೆ ಸಾಕು, ಪಕ್ಕದ ಸೀಟಿನ ಮಾತು ಅಲ್ಲಿಗೇ ನಿಂತುಹೋಗುತ್ತೆ.

ಮನೆಯಲ್ಲೂ ಹಾಗೇ. ಮೊಮ್ಮಕ್ಕಳನ್ನು ಕಂಡಾಕೆ ಎದೆಯ ಗಂಟು ಕೈಗೆ ಸಿಕ್ಕಿದರೂ ಮಗನಿಗೆ ಹೇಳಲು ನಾಚುತ್ತಾಳೆ. ‘ನೋವಿಲ್ಲ, ಮುಟ್ಟೂ ನಿಂತಿದೆ, ಇನ್ನೇನು ಬರುತ್ತೆ?’ ಎಂಬ ಸಮಾಧಾನ ಬೇರೆ. ಎರಡೂ ತಪ್ಪು ಲೆಕ್ಕ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯೋದಿಲ್ಲ. ವಯಸ್ಸು ಏರಿದಂತೆ ಅಪಾಯವೂ ಏರುತ್ತದೆ. ಗರ್ಭಕೋಶ ತೆಗೆಸಿಕೊಂಡವರಿಗೂ ವಿನಾಯಿತಿ ಇಲ್ಲ.

‘ತಾಯಿ ಕಡೆ ಯಾರಿಗೂ ಇರಲಿಲ್ಲ’ ಅನ್ನುವವರುಂಟು. ತಂದೆ ಕಡೆ? ಬಿ.ಆರ್.ಸಿ.ಎ. ಎಂಬ ಎರಡು ಜೀನ್‌ಗಳನ್ನು ವಿಜ್ಞಾನಿಗಳು ಗುರುತಿಸಿದ್ದು 1994, 95ರಲ್ಲಿ. ಅವುಗಳ ದೋಷ ಅಪ್ಪನಿಂದಲೂ ಮಗಳಿಗೆ ಬರುತ್ತದೆ. ಸೋದರತ್ತೆಗೆ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಹಾಗಂತ ಸೊಸೆ ತರುವಾಗ ವಂಶ ಜಾಲಾಡೋಕೆ ಇದು ನೆಪವಲ್ಲ, ಸ್ವಾಮಿ! ನೂರಕ್ಕೆ 5ರಿಂದ 10 ಕೇಸು ಮಾತ್ರ ಹೀಗೆ ವಂಶದಿಂದ ಬಂದವು.

ಇನ್ನು ಮಾತ್ರೆ ವಿಚಾರ. ಮುಟ್ಟು ನಿಲ್ಲುವಾಗ ಮೈ ಬಿಸಿಯೇರೋದು, ರಾತ್ರಿ ಬೆವರೋದು ಇವಕ್ಕೆ ಹಾರ್ಮೋನ್ ಮಾತ್ರೆ ಕೊಡುತ್ತಾರೆ. ಗುಣವೂ ಇದೆ, ಸುಳ್ಳಲ್ಲ. ಆದರೆ ಅಮೆರಿಕದಲ್ಲಿ 16,608 ಹೆಂಗಸರನ್ನು ಸೇರಿಸಿಕೊಂಡು ನಡೆದ ಪರೀಕ್ಷೆಯನ್ನು 2002ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡೂ ಸೇರಿದ ಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ 10,000ಕ್ಕೆ 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಎಂಟೇ ತಾನೆ ಅನ್ನಬಹುದು. ವರ್ಷಗಟ್ಟಲೆ ನುಂಗುತ್ತಾ ಹೋದರೆ ಲೆಕ್ಕವೂ ಬೆಳೆಯುತ್ತದೆ. ಗರ್ಭಕೋಶ ಇಲ್ಲದವರಿಗೆ ಕೊಡುವ ಬರೀ ಈಸ್ಟ್ರೋಜೆನ್ ಮಾತ್ರೆಯಿಂದ ಹೀಗೆ ಹೆಚ್ಚಲಿಲ್ಲ. ಯಾರಿಗೆ ಯಾವುದು, ಎಷ್ಟು ದಿನ ಎಂಬುದು ಡಾಕ್ಟರೇ ತೂಗಿ ನೋಡುವ ಮಾತು. ಹಳೇ ಚೀಟಿ ತೋರಿಸಿ ‘ಅದೇ ಮಾತ್ರೆ ಕೊಡಿ’ ಅಂದರೆ ಮೆಡಿಕಲ್ ಶಾಪಿನವರು ಕಟ್ಟಿಕೊಟ್ಟು ಕಳಿಸೋದಲ್ಲ.

ಗಂಟು ಸಿಕ್ಕರೆ, ತೊಟ್ಟು ಒಳಸೇರಿದರೆ, ರಕ್ತ ಒಸರಿದರೆ, ಚರ್ಮ ಕುಳಿಬಿದ್ದರೆ ಆ ವಾರವೇ ತೋರಿಸಬೇಕು. ಮೂವತ್ತು ದಾಟಿದ ಹೆಂಗಸರ ಎದೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಆಗಬೇಕೆಂಬ ಕಾರ್ಯಕ್ರಮವಿದೆ, ಕೇಳಿ ಮಾಡಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಂಟು. ಬಸ್ಸು ಹತ್ತುವ ಮುಂಚೆ ರೇಷನ್ ಕಾರ್ಡು, ಆಧಾರ್ ಚೀಲಕ್ಕೆ ಹಾಕಿಕೊಳ್ಳಿ.